ಸ್ಟೀಮ್ ಕ್ಯಾಪ್ಸೂಲ್‌ಗೆ ಯಾವ ಚಿತ್ರ? ಒಂದೇ ಫ್ಯಾಂಟಸಿ ಗೇಮಿಗೆ ನಾಲ್ಕು ವಿನ್ಯಾಸಗಳ ಹೋಲಿಕೆ

ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಗೇಮಿನ ಹೆಸರು ಹೊತ್ತು ನಿಲ್ಲುವ ಚಿತ್ರಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಸಣ್ಣ ಕ್ಯಾಪ್ಸೂಲನ್ನು ನಾವು 462×174 ಪಿಕ್ಸೆಲ್‌ನಲ್ಲಿ ಕೊಟ್ಟರೆ ಸ್ಟೀಮ್ ಅದನ್ನು ತಾನೇ 184×69 ಮತ್ತು 120×45ಕ್ಕೆ ಕುಗ್ಗಿಸಿಕೊಳ್ಳುತ್ತದೆ. 120×45 ಅಂದರೆ ಮಾನಿಟರ್ ಮೇಲೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಕೊಳ್ಳುವವರ ಕಣ್ಣು ನಿಲ್ಲಬೇಕಾದದ್ದು ಅಷ್ಟರಲ್ಲೇ. ಆದರೆ ಹೆಚ್ಚಿನ ತಂಡಗಳು ಚಿತ್ರವನ್ನು ಒಪ್ಪುವುದು ಪೂರ್ಣ ಪರದೆಯಲ್ಲಿ ನೋಡಿ. ಅದಕ್ಕೇ ನಾಲ್ಕು ವಿನ್ಯಾಸಗಳನ್ನೂ ಮೊದಲು 120×45ರಲ್ಲಿ ನೋಡಿ, ಆಮೇಲೆ ದೊಡ್ಡ ಅಳತೆಗೆ ಹೋದೆವು.

ಮಾದರಿಯಾಗಿ ಇಟ್ಟುಕೊಂಡದ್ದು ಸರದಿ ಪ್ರಕಾರ ಆಡುವ ಕಾರ್ಡ್ ಗೇಮ್. ಲಾಟೀನು ಹಿಡಿದ ಹುಡುಗಿ, ಜೊತೆಗೊಬ್ಬ ಕಲ್ಲಿನ ದೈತ್ಯ, ಸುತ್ತ ಕತ್ತಲ ಕಾಡು. ಹೆಸರು ಇಂಗ್ಲಿಷಿನಲ್ಲಿ 7 ಅಕ್ಷರದ ಒಂದೇ ಪದ. ವಿನ್ಯಾಸಗಳು ಹೀಗೆ: (1) ಕಾಡು, ಕೋಟೆ, ಇಬ್ಬರು ಪಾತ್ರಗಳೂ ಇರುವ ವಿಶಾಲ ದೃಶ್ಯ, (2) ಹುಡುಗಿಯ ಮುಖ ಮತ್ತು ಲಾಟೀನು ತುಂಬಿಕೊಂಡ ಹತ್ತಿರದ ಚಿತ್ರ, (3) ಲಾಟೀನಿನ ಲಾಂಛನ ಮತ್ತು ದಪ್ಪ ಹೆಸರು, (4) ಗೇಮಿನಿಂದಲೇ ತೆಗೆದ ಸ್ಕ್ರೀನ್‌ಶಾಟ್ ಮೇಲೆ ಹೆಸರು. ಸ್ಟೀಮ್‌ನ ಫ್ಯಾಂಟಸಿ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲಿನ ಒಂದು ಕ್ಯಾಪ್ಸೂಲ್ ಜಾಗದಲ್ಲಿ ನಮ್ಮದನ್ನು ಕೂರಿಸಿ ನೋಡಬೇಕು. ಖಾಲಿ ಬಿಳಿ ಹಾಳೆಯ ಮೇಲೆ ಯಾವ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಸ್ಕ್ರೀನ್‌ಶಾಟಿನ ವಿಷಯ ಮುಗಿಸಿಬಿಡೋಣ. ಖರ್ಚಿಲ್ಲ, ಸುಳ್ಳಿಲ್ಲ, ಆದರೆ ಕ್ಯಾಪ್ಸೂಲ್ ಆಗಿ ನಿಲ್ಲುವುದಿಲ್ಲ. ಆಟದ ಕ್ಯಾಮೆರಾ ಎಲ್ಲವನ್ನೂ ಸಮನಾಗಿ ತೋರಿಸುವಂತೆ ಇಟ್ಟದ್ದು. ಕಾರ್ಡುಗಳು, ಶತ್ರು, ನೆಲ ಎಲ್ಲವೂ ಒಂದೇ ತೂಕದವು. ಕುಗ್ಗಿಸಿದಾಗ ಉಳಿಯುವುದು ಬಣ್ಣದ ಗಲೀಜು.

ವಿಶಾಲ ದೃಶ್ಯ ಎಲ್ಲರಿಗೂ ಮೊದಲು ಇಷ್ಟವಾಗುವ ವಿನ್ಯಾಸ, ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದೂ ಅದೇ. 1232×706ರ ಮುಖ್ಯ ಕ್ಯಾಪ್ಸೂಲಿನಲ್ಲಿ ಮಂಜು, ಕೋಟೆಯ ದೀಪ, ದೈತ್ಯನ ಭುಜ ಎಲ್ಲವೂ ಸೊಗಸು. 120×45ಕ್ಕೆ ಬಂದಾಗ ಹುಡುಗಿಯ ಎತ್ತರ 9 ಪಿಕ್ಸೆಲ್, ಲಾಟೀನು ಒಂದೇ ಹಳದಿ ಚುಕ್ಕೆ. ಇನ್ನೊಂದು ತೊಂದರೆ ಬಣ್ಣದ್ದು. ಸ್ಟೀಮ್ ಪುಟದ ಹಿನ್ನೆಲೆಯೇ ಗಾಢ ನೀಲಿ. ಫ್ಯಾಂಟಸಿ ಅಂದೊಡನೆ ಕೈ ಹೋಗುವುದು ರಾತ್ರಿಯ ನೀಲಿ, ನೇರಳೆಗೆ. ಹೀಗಾಗಿ ಚಿತ್ರದ ಅಂಚೇ ಪುಟದೊಳಗೆ ಕರಗಿಹೋಗುತ್ತದೆ. ನಾಲ್ಕು ಮೂಲೆಗಳನ್ನು ಸ್ವಲ್ಪ ತಿಳಿ ಮಾಡಿ, ಆಕಾಶಕ್ಕೆ ಹಸಿರು ಕಲೆಸಿದ ಬೂದು ಹಾಕಿದಾಗ ಅಂಚು ಮರಳಿ ಬಂತು, ಪಾತ್ರ ಮಾತ್ರ ಬರಲಿಲ್ಲ.

ಹತ್ತಿರದ ಚಿತ್ರ ಗೆದ್ದದ್ದು ಇಲ್ಲೇ. ಮುಖ, ಲಾಟೀನು ಹಿಡಿದ ಕೈ, ಹಿಂದೆ ದೈತ್ಯನ ಕಪ್ಪು ಆಕೃತಿ, ಅಷ್ಟೇ. ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿದರೆ ಮೂರು ಹಂತಗಳು ಬಿಡಿಬಿಡಿಯಾಗಿ ಕಾಣಬೇಕು: ಹಿನ್ನೆಲೆ ಗಾಢ, ಬಟ್ಟೆ ನಡುವಿನ ಬೂದು, ಮುಖ ಮತ್ತು ಬೆಳಕು ತಿಳಿ. ನಮ್ಮ ಮೊದಲ ಕರಡಿನಲ್ಲಿ ಕೂದಲು ಮತ್ತು ಕಾಡು ಒಂದೇ ಬೂದಾಗಿ, ತಲೆಯ ಆಕಾರವೇ ಮಾಯವಾಗಿತ್ತು. ಕೂದಲಿನ ಹಿಂಬದಿಗೆ ಕಿತ್ತಳೆ ಬೆಳಕಿನ ಒಂದು ಅಂಚು ಎಳೆದಾಗ ಸರಿಹೋಯಿತು. 462 ಅಗಲದಲ್ಲಿ ಆ ಅಂಚು 8 ಪಿಕ್ಸೆಲ್ ದಪ್ಪ ಇರಲೇಬೇಕು. ಕುಗ್ಗಿದಾಗ ಉಳಿಯುವುದು 2 ಪಿಕ್ಸೆಲ್ ಮಾತ್ರ.

ಈ ವಿನ್ಯಾಸಕ್ಕೂ ಒಂದು ಕೊರತೆ ಇದೆ. ಮುಖವೊಂದೇ ಇದ್ದರೆ ಆಟ ಯಾವ ಬಗೆಯದು ಎಂದು ಹೇಳುವುದಿಲ್ಲ. ಕೈಗೆ ಕತ್ತಿ ಕೊಟ್ಟರೆ ನೋಡುವವರು ಅದನ್ನು ಹೊಡೆದಾಟದ ಗೇಮ್ ಎಂದುಕೊಳ್ಳುತ್ತಾರೆ. ಲಾಟೀನಿನ ಬೆಳಕಿನಲ್ಲಿ ಹಾರುವ ಎರಡು ಕಾರ್ಡುಗಳನ್ನು ಇಟ್ಟಾಗ ಅರ್ಥ ಬಂತು. ಐದು ಇಟ್ಟಾಗ ಮುಖ ಸೋತಿತು. ಈ ಸುಳಿವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಬೇರೆ ಬಗೆಯ ಆಟ ಎಂದು ನಂಬಿ ಬಂದವರು ಕೇಳಿಯೇ ಕೇಳುತ್ತಾರೆ.

ಲಾಂಛನದ ವಿನ್ಯಾಸ ಎರಡನೇ ಸ್ಥಾನಕ್ಕೆ ಬಂತು, ಅದೂ ಕೂದಲೆಳೆಯ ಅಂತರದಲ್ಲಿ. ಸಣ್ಣ ಕ್ಯಾಪ್ಸೂಲಿನಲ್ಲಂತೂ ಅದೇ ಮೇಲು. ಚಿತ್ರಗಾರರಿಗೆ ಕೊಡಲು ಹಣವಿಲ್ಲದ ತಂಡ ಅರೆಬರೆ ಮುಖ ಬಿಡಿಸುವುದಕ್ಕಿಂತ ಗಟ್ಟಿಯಾದ ಒಂದು ಲಾಂಛನ ಮಾಡುವುದು ಒಳ್ಳೆಯದು. ಆದರೆ ಕೊಂಡ ಗೇಮ್‌ಗಳ ಪಟ್ಟಿಯಲ್ಲಿ (ಲೈಬ್ರರಿ) ಕಾಣುವ 600×900ರ ಲೈಬ್ರರಿ ಕ್ಯಾಪ್ಸೂಲಿನಲ್ಲಿ ಅದು ಬಣಬಣ ಅನ್ನಿಸುತ್ತದೆ.

ಹೆಸರಿನ ಅಕ್ಷರ

ಇಲ್ಲಿ ಲೆಕ್ಕ ಹಾಕಿಯೇ ಮುಂದೆ ಹೋಗಬೇಕು. 462ರಿಂದ 120ಕ್ಕೆ ಇಳಿದರೆ ಪ್ರತಿಯೊಂದೂ ಸುಮಾರು ಕಾಲು ಭಾಗ. ಅಕ್ಷರದ ತೆಳು ಗೆರೆ 4 ಪಿಕ್ಸೆಲ್ ಇದ್ದರೆ 1 ಆಗಿ ಹಿನ್ನೆಲೆಯಲ್ಲಿ ಬೆರೆತುಹೋಗುತ್ತದೆ. 12 ಇದ್ದರೆ 3 ಉಳಿಯುತ್ತದೆ, ಓದಲು ಬರುತ್ತದೆ. 7 ಅಕ್ಷರ ಪೂರ್ತಿ ಅಗಲ ತುಂಬಿದರೆ ಒಂದೊಂದಕ್ಕೆ 17 ಪಿಕ್ಸೆಲ್ ಸಿಗುತ್ತದೆ. 20 ಅಕ್ಷರದ ಹೆಸರನ್ನು ಎರಡು ಸಾಲು ಮಾಡಿದರೂ 12ರ ಹತ್ತಿರ. ಬಾಲ, ಬಳ್ಳಿ, ಮುಳ್ಳು ಬಿಟ್ಟ ಹಳೆಯ ಯುರೋಪಿನ ಶೈಲಿಯ ಅಕ್ಷರಗಳನ್ನೂ ದಪ್ಪ, ಸರಳ ಅಕ್ಷರಗಳನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಮೊದಲನೆಯದು 184ರಲ್ಲೇ ಕೈಕೊಟ್ಟಿತು. ನಮ್ಮ ಸಲಹೆ: ಮೊದಲ ಮತ್ತು ಕೊನೆಯ ಅಕ್ಷರಕ್ಕೆ ಮಾತ್ರ ಅಲಂಕಾರ, ನಡುವಿನವು ಸಾದಾ. ಹೊಳಪಿನ ಪ್ರಭೆ ಬೇಡ, ಅದು ಅಂಚನ್ನು ಮಸುಕು ಮಾಡುತ್ತದೆ. ಗಾಢ ಬಣ್ಣದ ಗಟ್ಟಿ ಅಂಚೇ ಸಾಕು. ಸಣ್ಣ ಕ್ಯಾಪ್ಸೂಲಿಗೆ ಉಪಶೀರ್ಷಿಕೆಯನ್ನು ತೆಗೆದುಬಿಡಿ, ಹೆಸರೇ ಜಾಗವನ್ನೆಲ್ಲ ತುಂಬಲಿ.

ಗೂಗಲ್ ಪ್ಲೇಗೆ ಕನ್ನಡದ ಪುಟ ಮಾಡುವವರು ಒತ್ತಕ್ಷರದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಹೆಸರಿನಲ್ಲಿ ಒಂದೇ ಒಂದು ಒತ್ತಕ್ಷರ ಇದ್ದರೂ ಸಾಲಿನ ಕೆಳಗೆ ಜಾಗ ಬೇಕು, ಅಷ್ಟರಮಟ್ಟಿಗೆ ಉಳಿದ ಅಕ್ಷರಗಳು ಚಿಕ್ಕದಾಗುತ್ತವೆ. ಅಲ್ಲಿನ 1024×500ರ ಫೀಚರ್ ಗ್ರಾಫಿಕ್‌ನಲ್ಲಿ ಎರಡು ಸಾಲಿನ ಕನ್ನಡ ಹೆಸರಿಟ್ಟಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿತು. ಸಾಲುಗಳನ್ನು ಎಡಬಲ ಸರಿಸಿ, ಒತ್ತಿನ ಕೆಳಗೆ ಪದಗಳ ನಡುವಿನ ಖಾಲಿ ಜಾಗ ಬರುವಂತೆ ಕೂರಿಸಿದರೆ ಅಕ್ಷರ ಕುಗ್ಗಿಸದೆ ಹೊಂದುತ್ತದೆ.

ಅಳತೆಗಳು ಮತ್ತು ಮೂಲ ಕಡತ

ಒಂದೇ ಚಿತ್ರವನ್ನು ಕತ್ತರಿಸಿ ಎಲ್ಲ ಕಡೆ ಹಾಕುವುದು ಆಗದ ಮಾತು. ಹೆಡರ್ 920×430, ಲಂಬ ಕ್ಯಾಪ್ಸೂಲ್ 748×896, ಲೈಬ್ರರಿಯಲ್ಲಿ ಗೇಮಿನ ಪುಟದ ಮೇಲ್ಭಾಗ ತುಂಬುವ ಅಗಲ ಚಿತ್ರ, ಅಂದರೆ ಲೈಬ್ರರಿ ಹೀರೋ, 3840×1240. ಹೀರೋ ಎತ್ತರದ ಮೂರು ಪಟ್ಟು ಅಗಲ, ಲಂಬ ಕ್ಯಾಪ್ಸೂಲ್ ಅಗಲಕ್ಕಿಂತ ಎತ್ತರ. 16:9ರಲ್ಲಿ ಒಂದೇ ಪದರವಾಗಿ ಮುಗಿಸಿಕೊಟ್ಟ ಚಿತ್ರವನ್ನು ಲಂಬಕ್ಕೆ ಹೊಂದಿಸಲು ಹೋದರೆ ತಲೆಯ ಮೇಲೆ ಜಾಗವಿಲ್ಲ, ಕೈ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಚಿತ್ರಗಾರರೊಂದಿಗೆ ಮಾತಾಡುವಾಗಲೇ ಇಷ್ಟನ್ನು ಬರೆದುಕೊಳ್ಳಿ: ಹಿನ್ನೆಲೆ ಕನಿಷ್ಠ 3840×2160, ಪಾತ್ರದ ಹಿಂದಿನ ಭಾಗವೂ ಬಿಡಿಸಿರಬೇಕು, ಪಾತ್ರ ಬೇರೆ ಲೇಯರ್, ಮಂಡಿಯವರೆಗೆ ಪೂರ್ತಿ, ಲಾಟೀನು ಹಿಡಿದ ಕೈ ಬೇರೆ, ಬೆಳಕು ಬೇರೆ, ಹೆಸರು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಕಡತದಲ್ಲಿ. ಕೆಲಸ ಮುಗಿದ ಮೇಲೆ ಲೇಯರ್ ಕೇಳಿದರೆ ಅದು ಹೊಸ ಕೆಲಸವೇ ಆಗುತ್ತದೆ, ಹಣವೂ ಹೊಸದಾಗಿ ಕೊಡಬೇಕು, ಅದು ನ್ಯಾಯವೂ ಹೌದು.

ಸೋತ ವಿಶಾಲ ದೃಶ್ಯಕ್ಕೆ ಸರಿಯಾದ ಜಾಗ ಸಿಕ್ಕಿದ್ದು ಹೀರೋದಲ್ಲಿ. ಅಲ್ಲಿ ಚಿತ್ರದ ಮೇಲೆ ಅಕ್ಷರ ಇರಕೂಡದು, ಹೆಸರನ್ನು ಪಾರದರ್ಶಕ ಪಿಎನ್‌ಜಿಯಾಗಿ ಬೇರೆ ಕೊಡಬೇಕು. ಕಿಟಕಿಯ ಅಳತೆಗೆ ತಕ್ಕಂತೆ ಹೀರೋ ಸುತ್ತಲೂ ಕತ್ತರಿಸಿಹೋಗುವುದರಿಂದ ಮುಖ್ಯವಾದದ್ದೆಲ್ಲ ನಡುವಿನ 860×380ರೊಳಗೆ ಬರಲಿ.

ಸಣ್ಣ ಚೌಕಗಳನ್ನು ಜೋಡಿಸಿ ಚಿತ್ರ ಬಿಡಿಸುವ ಪಿಕ್ಸೆಲ್ ಆರ್ಟ್ ಗೇಮ್‌ಗಳಿಗೆ ಒಂದು ಮಾತು. ಸ್ಟೀಮ್ ಕುಗ್ಗಿಸುವಾಗ ನಿಮ್ಮ ಚೌಕಗಳ ಲೆಕ್ಕ ಇಡುವುದಿಲ್ಲ. 462 ಅಗಲದಲ್ಲಿ ನಿಮ್ಮ ಒಂದು ಚೌಕ ಕನಿಷ್ಠ 8 ಪಿಕ್ಸೆಲ್ ಇದ್ದರಷ್ಟೇ 120ರಲ್ಲಿ ಚೌಕ ಎಂಬ ಗುರುತು ಉಳಿಯುತ್ತದೆ. ಸಣ್ಣ ತಂಡಗಳ ಗೇಮ್‌ಗಳು ಸಿಗುವ ಇಚ್.ಐಓ ತಾಣದಲ್ಲಿ ಈ ಕಾಟ ಕಡಿಮೆ: ಅಲ್ಲಿನ ಕವರ್ 630×500, ಚಲಿಸುವ ಗಿಫ್ ಕೂಡ ಹಾಕಬಹುದು. ಲಾಟೀನಿನ ಜ್ವಾಲೆ ಮಾತ್ರ ಅಲುಗಾಡುವ ಗಿಫ್ ಅಲ್ಲಿ ನಾಲ್ಕು ವಿನ್ಯಾಸಗಳನ್ನೂ ಮೀರಿಸಿತು.

2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಕ್ಯಾಪ್ಸೂಲಿನಲ್ಲಿ ಚಿತ್ರ, ಗೇಮಿನ ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಇರುವಂತಿಲ್ಲ. ವಿಮರ್ಶೆಯ ಅಂಕ, ಪ್ರಶಸ್ತಿಯ ಹೆಸರು, ರಿಯಾಯಿತಿಯ ಮಾತು ಯಾವುದನ್ನೂ ಅಂಟಿಸಬೇಡಿ. ಎಡ ಮೇಲ್ಮೂಲೆಯನ್ನೂ ಬಿಟ್ಟುಬಿಡಿ: ಗೇಮನ್ನು ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಲು ಗುರುತಿಟ್ಟುಕೊಳ್ಳುವ ಪಟ್ಟಿ) ಹಾಕಿಕೊಂಡವರಿಗೆ ಅಲ್ಲಿ ಚಿತ್ರದ ಮೇಲೆಯೇ ಸ್ಟೀಮ್‌ನ ಗುರುತು ಕಾಣುತ್ತದೆ. ನಮ್ಮ ಲಾಟೀನಿನ ಹಿಡಿ ಮೊದಲು ಅಲ್ಲೇ ಇತ್ತು, ಬಲಕ್ಕೆ ಸರಿಸಬೇಕಾಯಿತು.

ಪುಟ ಹೊರಬಿದ್ದ ಮೇಲೆ ಚಿತ್ರ ಬದಲಿಸಿ ಹೋಲಿಸುವುದಾದರೆ, ಗೇಮ್ ತಯಾರಕರಿಗಾಗಿ ಇರುವ ಸ್ಟೀಮ್‌ವರ್ಕ್ಸ್ ತಾಣದಲ್ಲಿ, ಪುಟಕ್ಕೆ ಜನ ಎಲ್ಲಿಂದ ಬಂದರು ಎಂದು ಹೇಳುವ ಟ್ರಾಫಿಕ್ ವರದಿಯಲ್ಲಿ ಒಂದೇ ಮೂಲದ ಅಂಕಿ ನೋಡಿ. ಹುಡುಕಾಟಕ್ಕೆ ಹುಡುಕಾಟ, ಟ್ಯಾಗ್ ಪುಟಕ್ಕೆ ಟ್ಯಾಗ್ ಪುಟ. ಸ್ಟೀಮ್ ತಾನೇ ಒಂದಾದ ಮೇಲೊಂದು ಗೇಮ್ ತೋರಿಸುವ ಡಿಸ್ಕವರಿ ಕ್ಯೂ ಬಿಟ್ಟುಬಿಡಿ, ಅಲ್ಲಿ ಕ್ಯಾಪ್ಸೂಲ್ ಒತ್ತದೆಯೇ ಪುಟ ತೆರೆಯುತ್ತದೆ. ರಿಯಾಯಿತಿ ಮಾರಾಟದ ವಾರದಲ್ಲಿ ಬದಲಿಸಿದರೆ ಏರಿಕೆ ಚಿತ್ರದ್ದೋ ಬೆಲೆಯದ್ದೋ ತಿಳಿಯುವುದಿಲ್ಲ. ಹಳೆಯ ಚಿತ್ರ ಎರಡು ವಾರ, ಹೊಸದು ಎರಡು ವಾರ ಇಟ್ಟು, ಆ ನಡುವೆ ಟ್ರೇಲರ್‌ನ್ನೂ ಟ್ಯಾಗ್‌ಗಳನ್ನೂ ಮುಟ್ಟದೆ ಬಿಡಿ.