ರಾತ್ರಿ ವಿಮಾನದ ಬೆಲ್ಟ್ ದೀಪಕ್ಕೆ ಪೂರ್ತಿ ಅಂಕ, ಘೋಷಣೆಗೆ ಅರ್ಧ

ಬೆಂಗಳೂರು–ಸಿಂಗಪುರ ರಾತ್ರಿ ವಿಮಾನ ನಾಲ್ಕೂವರೆ ಗಂಟೆಯ ಆಸುಪಾಸಿನದು. ಊಟ, ಘೋಷಣೆ ಎಲ್ಲ ಕಳೆದು ನಿದ್ದೆಗೆ ಸಿಗುವುದು ಅದರ ಅರ್ಧ. ಅದರಲ್ಲೂ ‘ಟಿಂಗ್’ ಎಂದು ಬೆಲ್ಟ್ ದೀಪ ಹೊತ್ತಿಕೊಂಡರೆ ಸಿಟ್ಟು ಬರುವುದು ಸಹಜ.

ಆದರೂ ದೀಪದ್ದು ತಪ್ಪಲ್ಲ. ಬಂಗಾಳ ಕೊಲ್ಲಿಯ ಮೇಲೆ ಗುಡುಗುಮೋಡ ಬೆಳೆಯುವುದು ಬೇಗ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ321 ವಿಮಾನ ಮ್ಯಾನ್ಮಾರ್ ಮೇಲೆ ಕುಲುಕಾಟಕ್ಕೆ ಸಿಕ್ಕಿ 4.6 ಸೆಕೆಂಡಿನಲ್ಲಿ 178 ಅಡಿ ಕೆಳಗಿಳಿಯಿತು. ಬೆಲ್ಟ್ ಹಾಕದವರು ಚಾವಣಿಗೆ ಬಡಿದರು, ಒಬ್ಬರು ತೀರಿಕೊಂಡರು. ಆಮೇಲೆ ಆ ಸಂಸ್ಥೆ ದೀಪ ಉರಿಯುವಾಗ ಬಿಸಿ ಪಾನೀಯವಷ್ಟೇ ಅಲ್ಲ, ಊಟ ಬಡಿಸುವುದನ್ನೂ ನಿಲ್ಲಿಸಿತು. ಸರಿಯಾದ ನಿರ್ಧಾರ. ಕೊರತೆಯೆಂದರೆ, ಕುಲುಕಾಟ ನಿಂತ ಮೇಲೂ ಕೆಲವು ಪೈಲಟ್‌ಗಳು ದೀಪ ಆರಿಸುವುದಿಲ್ಲ. ಆಗ ಜನ ಅದನ್ನು ಲೆಕ್ಕಿಸದೆ ಶೌಚಾಲಯಕ್ಕೆ ಎದ್ದೇ ಏಳುತ್ತಾರೆ.

ಬೆಲ್ಟನ್ನು ಕಂಬಳಿಯ ಮೇಲೆ, ಸೊಂಟದ ಕೆಳಭಾಗಕ್ಕೆ ಬಿಗಿಯಾಗಿ ಹಾಕಿ. ಒಳಗೆ ಹಾಕಿದರೆ ಸಿಬ್ಬಂದಿ ಎಬ್ಬಿಸಿ ನೋಡಲೇಬೇಕು.

ಘೋಷಣೆಗಳ ವಿಷಯ ಬೇರೆ. ಅವು ಬಂದಾಗ ಸಿನಿಮಾ ನಿಲ್ಲುತ್ತದೆ, ಸೀಟಿನ ಜ್ಯಾಕ್‌ಗೆ ಚುಚ್ಚಿದ ಹೆಡ್‌ಫೋನ್‌ಗೆ ದನಿ ನೇರವಾಗಿ ನುಗ್ಗುತ್ತದೆ. ಸಾಮಾನ್ಯವಾಗಿ ನಿಮ್ಮ ವಾಲ್ಯೂಮ್ ಗುಂಡಿ ಅದಕ್ಕೆ ಲೆಕ್ಕವಿಲ್ಲ. ಮಲಗುವ ಮುನ್ನ ವೈರ್ ಕಿತ್ತು, ಫೋಮ್ ಇಯರ್‌ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಉಬ್ಬುವ ತನಕ ಬೆರಳಲ್ಲಿ ಒತ್ತಿ ಹಿಡಿಯಿರಿ. ಸುರಕ್ಷತೆಯ ಮಾತಿಗೆ ತಕರಾರಿಲ್ಲ. ನಡುರಾತ್ರಿಯ ಡ್ಯೂಟಿ ಫ್ರೀ ಪ್ರಚಾರಕ್ಕೆ ಮಾತ್ರ ಸೊನ್ನೆ.