ಡೇಟೋನಾ ಬೀಚ್ ಚಿಯರ್ ನ್ಯಾಷನಲ್ಸ್: ಏಳು ಗಂಟೆ ಡ್ರೈವ್ ಮಾಡಿ 2 ನಿಮಿಷ 15 ಸೆಕೆಂಡ್ ನೋಡ್ಕೊಂಡು ಬಂದ್ವಿ

ಮೊದಲೇ ಹೇಳ್ಬಿಡ್ತೀನಿ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗೇ ನೋಡಿ. ಮನೇಲಿ ಸೋಫಾ ಮೇಲೆ ಕೂತು ಸ್ಟ್ರೀಮ್‌ನಲ್ಲಿ ನೋಡಿದ್ರೆ ಅರ್ಧ ಆಟ ಕಾಣೋದೇ ಇಲ್ಲ. ಯಾಕೆ ಅಂತ ಆಮೇಲೆ ಬರ್ತೀನಿ.

ನಾವು ಹೋಗಿದ್ದು ಅಕ್ಕನ ಮಗಳಿಗೋಸ್ಕರ. ಕಾಲೇಜಿನ ಚಿಯರ್‌ಲೀಡಿಂಗ್ ಟೀಮಲ್ಲಿ ಮೂರನೇ ವರ್ಷ ಅವಳು, ಎರಡು ವರ್ಷದಿಂದ "ಮಾಮ ನೀನು ಬರ್ಲೇ ಇಲ್ಲ" ಅಂತ ಹಂಗಿಸ್ತಾ ಇದ್ಲು, ಈ ಸಲ ತುಮಕೂರಿಂದ ಅಮ್ಮನೂ ಬಂದಿದ್ರು, ಸರಿ ನಡೀರಿ ಅಂತ ಅಟ್ಲಾಂಟಾದಿಂದ ಒಂದೇ ಕಾರಲ್ಲಿ ಅಕ್ಕ, ಭಾವ, ಅಮ್ಮ, ನಾನು, ಒಂದು ಡಬ್ಬ ಚಕ್ಕುಲಿ, ಒಂದು ಡಬ್ಬ ಪುಳಿಯೋಗರೆ. ಹತ್ತತ್ರ ಏಳು ಗಂಟೆ ದಾರಿ. ಅಷ್ಟು ದೂರ ಹೋಗಿ ನೋಡೋದು ಎಷ್ಟೊತ್ತು ಅಂದ್ರೆ ಮ್ಯೂಸಿಕ್ ಶುರುವಾಗಿ ಮುಗಿಯೋಕೆ 2 ನಿಮಿಷ 15 ಸೆಕೆಂಡ್. ಭಾವ ದಾರಿಲಿ ಪೆಟ್ರೋಲ್ ಲೆಕ್ಕ ಹಾಕ್ತಾ ಇದ್ರು, ಸೆಕೆಂಡಿಗೆ ಎಷ್ಟು ಬೀಳುತ್ತೆ ಅಂತ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಅಮೆರಿಕದಲ್ಲಿ ಕಾಲೇಜ್ ಚಿಯರ್‌ಗೆ ದೊಡ್ಡ ನ್ಯಾಷನಲ್ಸ್ (ರಾಷ್ಟ್ರಮಟ್ಟದ ಸ್ಪರ್ಧೆ) ಅಂತ ಮುಖ್ಯವಾಗಿ ಎರಡಿವೆ, ಎರಡೂ ಫ್ಲೋರಿಡಾದಲ್ಲೇ. ಒಂದು ಯುಸಿಎ (ಯೂನಿವರ್ಸಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್) ಅನ್ನೋ ಸಂಸ್ಥೆದು, ಜನವರಿಲಿ ಒರ್ಲಾಂಡೋದ ಡಿಸ್ನಿ ವರ್ಲ್ಡ್‌ನಲ್ಲಿ, ಅಲ್ಲಿ ಕೆಂಟಕಿ ಯೂನಿವರ್ಸಿಟಿದೇ ದರ್ಬಾರು, 20ಕ್ಕೂ ಜಾಸ್ತಿ ಸಲ ಗೆದ್ದಿದ್ದಾರೆ. ಇನ್ನೊಂದು ಎನ್‌ಸಿಎ (ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್) ದು, ಏಪ್ರಿಲ್‌ನಲ್ಲಿ ಡೇಟೋನಾ ಬೀಚಲ್ಲಿ, ನಾವು ಹೋಗಿದ್ದು ಇದಕ್ಕೆ. ಕಾಲೇಜುಗಳು ಸಾಮಾನ್ಯವಾಗಿ ಯಾವ್ದಾದ್ರೂ ಒಂದನ್ನ ಹಿಡ್ಕೊಳ್ತವೆ. ಎನ್‌ಸಿಎ ಶುರು ಮಾಡಿದ್ದು ಲಾರೆನ್ಸ್ ಹರ್ಕಿಮರ್ ಅನ್ನೋ ಟೆಕ್ಸಾಸಿನವನು, 1948ರಲ್ಲಿ, ಮೊದಲನೇ ಕ್ಯಾಂಪಿಗೆ ಬಂದಿದ್ದು 52 ಹುಡುಗೀರು. ಒಂದು ಕಾಲು ಚಾಚಿ ಇನ್ನೊಂದು ಮಡಚಿ ಎಗರೋ ಜಂಪಿಗೆ ಇವತ್ತಿಗೂ ಅವನ ಹೆಸರೇ, ಹರ್ಕಿ ಅಂತಾರೆ. ಅವನ ಹತ್ರ ಕೆಲಸ ಮಾಡ್ತಿದ್ದ ಜೆಫ್ ವೆಬ್ ಅನ್ನೋನು ಆಚೆ ಬಂದು 1974ರಲ್ಲಿ ಯುಸಿಎ ಮಾಡ್ದ, ಅದೇ ಬೆಳ್ದು ವಾರ್ಸಿಟಿ ಕಂಪನಿ ಆಗಿ ಕೊನೆಗೆ ಗುರುವಿನ ಎನ್‌ಸಿಎನೂ ಅದರ ತೆಕ್ಕೆಗೇ ಬಂತು. ಈಗ ಕ್ಯಾಂಪ್ ನಡೆಸೋರೂ ಅವ್ರೇ, ಯೂನಿಫಾರ್ಮ್ ಮಾರೋರೂ ಅವ್ರೇ, ಸ್ಪರ್ಧೆ ಇಡೋರೂ ಅವ್ರೇ. ಆ ಯೂನಿಫಾರ್ಮಿನ ಪಟ್ಟೆ ಡಿಸೈನಿಗೆ ಕಾಪಿರೈಟ್ ಸಿಗುತ್ತಾ ಇಲ್ವಾ ಅನ್ನೋ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2017ರಲ್ಲಿ ವಾರ್ಸಿಟಿ ಗೆದ್ದಿದೆ ಅಂದ್ರೆ ಇದ್ರಲ್ಲಿ ಎಷ್ಟು ದುಡ್ಡಿರಬೇಕು ಲೆಕ್ಕ ಹಾಕಿ.

ನಮ್ಮ ಜನಕ್ಕೆ ಚಿಯರ್‌ಲೀಡರ್ ಅಂದ ತಕ್ಷಣ ನೆನಪಾಗೋದು ಐಪಿಎಲ್ಲೇ. 2008ರಲ್ಲಿ ಮೊದಲನೇ ಐಪಿಎಲ್‌ಗೆ ಆರ್‌ಸಿಬಿಯೋರು ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಚಿಯರ್‌ಲೀಡರ್ಸ್‌ನ ಕರೆಸಿದ್ರಲ್ಲ, ಆಗಿಂದ ಚಿಯರ್ ಅಂದ್ರೆ ಬೌಂಡರಿ ಬಿದ್ದಾಗ ಕುಣಿಯೋದು ಅಂತ ತಲೇಲಿ ಕೂತ್ಬಿಟ್ಟಿದೆ. ಅಕ್ಕನ ಮನೆಗೆ ಯಾರಾದ್ರೂ ಊರಿಂದ ಫೋನ್ ಮಾಡಿದಾಗ ಮಗಳು ಚಿಯರ್ ಮಾಡ್ತಾಳೆ ಅಂದ್ರೆ ಒಂಥರಾ "ಹೌದಾ..." ಅಂತ ರಾಗ ಎಳೀತಾರೆ. ಇದು ಅದಲ್ಲ ಮಾರಾಯ್ರೇ. ಇಲ್ಲಿ ಚಿಯರ್ ಮಾಡೋಕೆ ಎದುರಿಗೆ ಯಾವ ಮ್ಯಾಚೂ ಇರಲ್ಲ, ಇದೇ ಮ್ಯಾಚು. ಜನನ ಎತ್ತೋದು, ಎಸೆಯೋದು, ಹಿಡಿಯೋದು, ಲಾಗ ಹಾಕೋದು, ಮೂರಾಳು ಎತ್ತರದ ಥರ ಕಾಣೋ ಪಿರಮಿಡ್ ಕಟ್ಟಿ ಕೆಡವೋದು, ಎಲ್ಲಾ ಎಣಿಕೆ ಪ್ರಕಾರ. ಅಂದಹಾಗೆ 1898ರಲ್ಲಿ ಮಿನ್ನೆಸೋಟಾ ಯೂನಿವರ್ಸಿಟಿಲಿ ಇದು ಶುರುವಾದಾಗ ಬರೀ ಗಂಡಸ್ರದೇ ಕೆಲಸ ಇದು, ಹೆಂಗಸ್ರು ಬಂದಿದ್ದು 1920ರ ದಶಕದಲ್ಲಿ. ಮುಂದಿನ ಸಲ ರಾಗ ಎಳೆಯೋರಿಗೆ ಅಕ್ಕ ಇದನ್ನ ಹೇಳ್ತಾಳಂತೆ.

ಈಗ ಜಾಗದ ಬಗ್ಗೆ. ಓಷನ್ ಸೆಂಟರ್ ಅಂತ ದೊಡ್ಡ ಒಳಾಂಗಣ ಇದೆ, ರಸ್ತೆ ದಾಟಿದ್ರೆ ಸಮುದ್ರದ ದಂಡೆ ಮೇಲೇ ಬ್ಯಾಂಡ್‌ಶೆಲ್. ಬ್ಯಾಂಡ್‌ಶೆಲ್ ಅಂದ್ರೆ ಬಯಲು ರಂಗಮಂದಿರ, 1937ರದ್ದು, ಸಮುದ್ರದ ಚಿಪ್ಪೆಲ್ಲಾ ಗಟ್ಟಿಯಾಗಿ ಆದ ಕೋಕಿನಾ ಅನ್ನೋ ಕಲ್ಲಲ್ಲಿ ಕಟ್ಟಿದ್ದಾರೆ, ಹತ್ರ ಹೋಗಿ ಕೈಯಿಟ್ರೆ ಚಿಪ್ಪಿನ ಚೂರುಗಳು ಬೆರಳಿಗೆ ಸಿಗ್ತವೆ, ಅಮ್ಮ ಸುಮಾರು ಹೊತ್ತು ಅದನ್ನೇ ಸವರ್ತಾ ನಿಂತಿದ್ರು. ಸ್ಪರ್ಧೆ ಸ್ವಲ್ಪ ಒಳಗೆ ಸ್ವಲ್ಪ ಹೊರಗೆ ನಡೆಯುತ್ತೆ, ಆದ್ರೆ ಹುಡುಗ್ರಿಗೆಲ್ಲಾ ಬ್ಯಾಂಡ್‌ಶೆಲ್ ಸ್ಟೇಜ್ ಮೇಲೆ ಫೈನಲ್ ಆಡೋದೇ ಕನಸು. ಮಳೆ ಬಂದ್ರೆ ಒಳಗೆ ಹಾಕ್ತಾರೆ, ಆಗ ಅಳೋರೂ ಇದ್ದಾರೆ ಅಂತ ಅಕ್ಕನ ಮಗಳು ಹೇಳಿದ್ಲು. ಬಿಸಿಲಿಗೆ ಮಾತ್ರ ರೆಡಿಯಾಗಿ ಹೋಗಿ, ಏಪ್ರಿಲ್ ಅಲ್ವಾ ಅಂತ ನಾನು ಟೋಪಿ ಇಲ್ದೇ ಹೋಗಿ ಮೂರು ದಿನ ಮೂಗಿನ ಸಿಪ್ಪೆ ಸುಲೀತಾ ಇತ್ತು. ಸಮುದ್ರದ ಗಾಳಿ ಬೇರೆ. ನಮಗೆ ಗಾಳಿ ಹಿತ, ಒಂದೇ ಕಾಲ ಮೇಲೆ ಆಕಾಶದಲ್ಲಿ ನಿಂತಿರೋಳಿಗೆ ಅದೇ ಶತ್ರು.

ಒಂದು ಟೀಮಿಗೆ ಮ್ಯಾಟ್ ಮೇಲೆ 20 ಜನ ತನಕ. ಮ್ಯಾಟ್ 54 ಅಡಿ ಉದ್ದ 42 ಅಡಿ ಅಗಲ. ಮೇಲೆ ಹೋಗೋಳು ಫ್ಲೈಯರ್. ಕೆಳಗೆ ಎರಡೂ ಕಡೆ ಇಬ್ಬರು ಬೇಸ್, ಹಿಂದೆ ಒಬ್ಬಳು ಬ್ಯಾಕ್‌ಸ್ಪಾಟ್, ಅವಳೇ ಎಣಿಕೆ ಕೂಗೋದು, ಫ್ಲೈಯರ್‌ನ ಕಣಕಾಲು ಹಿಡಿಯೋದು, ಬಿದ್ರೆ ತಲೆ ಭುಜ ಹಿಡಿಯೋದು. ನಮ್ಮ ಹುಡುಗಿ ಬೇಸ್. ಇದು ನನಗೆ ಅಲ್ಲಿಗೆ ಹೋಗೋ ತನಕ ಸರಿಯಾಗಿ ಗೊತ್ತೇ ಇರ್ಲಿಲ್ಲ, ನಾಚಿಕೆ ಆಗ್ಬೇಕು. ಅಮ್ಮ ಕೂತಿದ್ದ ಕಡೆಯಿಂದಲೇ "ಇವಳು ಯಾವಾಗೋ ಮೇಲಕ್ಕೆ ಹೋಗೋದು" ಅಂತ ನನ್ನ ತಿವಿದು ತಿವಿದು ಕೇಳ್ತಿದ್ರು, ನಾನೂ ಈಗ ಹೋಗ್ತಾಳೆ ತಡೀರಿ ಅಂತಿದ್ದೆ.

ನಾನು ಐದನೇ ಕ್ಲಾಸಲ್ಲಿದ್ದಾಗ ಆಗಸ್ಟ್ 15ಕ್ಕೆ ನಮ್ಮ ಪಿಟಿ ಮೇಷ್ಟ್ರು ಫೀಲ್ಡಲ್ಲಿ ಪಿರಮಿಡ್ ಮಾಡಿಸ್ತಿದ್ರು. ದಪ್ಪ ಇದ್ದೆ ಅಂತ ನಾನು ಕೆಳಗಿನ ಸಾಲು, ನಾಲ್ಕು ಕಾಲಲ್ಲಿ ದನದ ಥರ ನಿಲ್ಲೋದು, ಮಂಡಿಗೆಲ್ಲಾ ಜಲ್ಲಿಕಲ್ಲು ಚುಚ್ತಾ ಇರೋದು, ಮೇಲೆ ಬಾವುಟ ಹಿಡ್ಕೊಂಡು ನಿಂತ ಸಣ್ಣ ಹುಡುಗನ ಫೋಟೋ ಪೇಪರಲ್ಲಿ ಬಂತು, ನಂದು ಬೆನ್ನೂ ಬರ್ಲಿಲ್ಲ. ಬೇಸ್‌ಗಳ ಕಥೆ ಇಲ್ಲೂ ಹಂಗೇ. ಸ್ಟ್ರೀಮ್‌ನಲ್ಲಿ ಅರ್ಧ ಆಟ ಕಾಣಲ್ಲ ಅಂದಿದ್ದು ಇದಕ್ಕೇ, ಕ್ಯಾಮರಾ ಯಾವಾಗ್ಲೂ ಮೇಲಿರೋಳ ನಗು ಹಿಂದೆ ಹೋಗುತ್ತೆ. ನೇರವಾಗಿ ನೋಡಿದ್ರೆ ನೀವು ಎಲ್ಲಿ ಬೇಕೋ ಅಲ್ಲಿ ಕಣ್ಣಿಡಬಹುದು. ನನ್ನ ಸಲಹೆ ಒಂದೇ, ಮೊದಲನೇ ಟೀಮ್ ಬಂದಾಗ ಮೇಲೆ ನೋಡಿ, ಎರಡನೇ ಟೀಮಿಂದ ಕೆಳಗೆ ನೋಡೋಕೆ ಶುರು ಮಾಡಿ. ಬಿಳೀ ಶೂ ಒಂದು, ಅದ್ರ ಹಿಮ್ಮಡಿ ಒಬ್ಬಳ ಅಂಗೈಲಿ, ಬೆರಳಿನ ಕಡೆ ಇನ್ನೊಬ್ಬಳ ಅಂಗೈಲಿ, ಮಣಿಕಟ್ಟಿಗೆ ಟೇಪ್, ಕತ್ತು ಪೂರ್ತಿ ಹಿಂದಕ್ಕೆ, ಬಿಸಿಲು ನೇರ ಕಣ್ಣಿಗೆ ಹೊಡೀತಿದ್ರೂ ರೆಪ್ಪೆ ಮುಚ್ಚಂಗಿಲ್ಲ. ಮೇಲಿನೋಳು ಒಂದು ಇಂಚು ವಾಲಿದ್ರೆ ಕೆಳಗಿನೋರು ಎರಡು ಇಂಚು ಸರೀತಾರೆ, ಪ್ರೇಕ್ಷಕರಿಗೆ ಏನೂ ಆಗ್ಲಿಲ್ಲ ಅನ್ಸುತ್ತೆ. ಒಂದು ತಪ್ಪೂ ಇಲ್ದೇ ಮುಗಿಸಿದ್ರೆ ಹಿಟ್ ಝೀರೋ ಅಂತಾರೆ, ಕಳೆಯೋ ಅಂಕ ಸೊನ್ನೆ ಅಂತ.

ಮೊದಲನೇ ದಿನ ನಮ್ಮೋರಿಗೆ ಝೀರೋ ಬರ್ಲಿಲ್ಲ. ಕೊನೇ ಸ್ಟಂಟಲ್ಲಿ ಫ್ಲೈಯರ್ ಕಾಲು ಅಲ್ಲಾಡ್ತು, ಇವಳು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದ್ಲು, ಮೊಣಕೈ ಮಡಚ್ತು, ಆ ಹುಡುಗಿ ಇವಳ ಭುಜದ ತನಕ ಇಳಿದ್ಲು, ಇಷ್ಟೇ ಕಥೆ ಮುಗೀತು ಅಂದ್ಕೊಂಡೆ, ಇವಳು ಯಾವ ಮಾಯದಲ್ಲೋ ಮತ್ತೆ ತಳ್ಳಿ ಮೇಲೆ ನಿಲ್ಲಿಸಿದ್ಲು, ಪಕ್ಕದ ಸಾಲಲ್ಲಿದ್ದ ಬೇರೆ ಕಾಲೇಜಿನ ಹುಡುಗ್ರು ಎದ್ದು ನಿಂತು ಇವರ ಹೆಸರು ಕೂಗಿದ್ರು. ಎದುರಾಳಿ ಟೀಮ್‌ಗೆ ಹಿಂಗೆ ಗಂಟಲು ಹರ್ಕೊಳ್ಳೋದು ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ. ಅಕ್ಕ ಮಾತ್ರ ಇದ್ಯಾವ್ದೂ ನೋಡ್ಲಿಲ್ಲ. ಮ್ಯೂಸಿಕ್ ಶುರುವಾದ ತಕ್ಷಣ ಕಣ್ಣು ಮುಚ್ಕೊಂಡು ರಾಯರನ್ನ ನೆನೆಸ್ಕೊಳ್ಳೋಕೆ ಶುರು ಮಾಡ್ತಾಳೆ, ಮುಗಿದ ಮೇಲೆ "ಏನಾಯ್ತೋ" ಅಂತ ನನ್ನ ಕೇಳ್ತಾಳೆ. ಮೂರು ವರ್ಷದಿಂದ ಇದೇ ಅಂತೆ, ಭಾವ ಹೇಳಿದ್ರು.

ಆಮೇಲೆ ಹೊರಗೆ ಸಿಕ್ಕಾಗ ಅಮ್ಮ ಕೇಳಿದ್ದು, "ಅವ್ಳು ಬಿದ್ದಿದ್ರೆ ಯಾರು ಹಿಡೀತಿದ್ರೇ?"

"ನಾನೇ ಅಜ್ಜಿ."

"ನಿನ್ನ ಮೇಲೆ ಬಿದ್ರೆ?"

"ಬೀಳ್ಲಿ. ಅವ್ಳು ನೆಲಕ್ಕೆ ಬೀಳಬಾರ್ದು ಅಷ್ಟೇ."

ಅಮ್ಮ ಏನೂ ಮಾತಾಡ್ಲಿಲ್ಲ, ಬ್ಯಾಗಿಂದ ಚಕ್ಕುಲಿ ತೆಗೆದು ಕೊಟ್ರು.

ಬೇಜಾರಿನ ವಿಷಯಗಳೂ ಇವೆ. ನಾವಿದ್ದ ಹೋಟೆಲ್ (ಹೆಸರು ಬೇಡ) ಬುಕ್ ಮಾಡುವಾಗ ಸಮುದ್ರ ಕಾಣೋ ರೂಮ್ ಅಂದಿದ್ರು, ಹೋಗಿ ನೋಡಿದ್ರೆ ಬಾಲ್ಕನಿಲಿ ಕತ್ತು ತಿರುಚಿ ನಿಂತ್ರೆ ಪಾರ್ಕಿಂಗ್ ಆಚೆ ಒಂದು ನೀಲಿ ಗೆರೆ. ಲಿಫ್ಟ್ ಎರಡರಲ್ಲಿ ಒಂದು ಕೆಟ್ಟಿತ್ತು, ಆ ವೀಕೆಂಡ್ ಊರ ತುಂಬಾ ಚಿಯರ್ ಹುಡುಗ್ರೇ, ಒಂದು ಸಲ ಕೆಳಗಿಳಿಯೋಕೆ ಇಪ್ಪತ್ತು ನಿಮಿಷ, ಅವ್ರೋ ಲಿಫ್ಟ್ ಕಾಯ್ತಾ ಕಾರಿಡಾರಲ್ಲೇ ಕೈ ಮೇಲೆ ನಿಂತಿರ್ತಾರೆ. ಊಟಕ್ಕೆ ಸಸ್ಯಾಹಾರಿಗಳು ಕಟ್ಕೊಂಡೇ ಹೋಗಿ, ಒಂದು ಗಾಡಿಲಿ ವೆಜ್ ಬರ್ಗರ್ ಕೇಳಿದ್ದಕ್ಕೆ ಮಾಂಸ ತೆಗೆದು ಬನ್ನು ಮತ್ತು ಎಲೆ ಕೊಟ್ಟ, ದುಡ್ಡು ಮಾತ್ರ ಪೂರ್ತಿ. ಪುಳಿಯೋಗರೆ ಕಾಪಾಡ್ತು.

ಇನ್ನೊಂದು ಬೇಜಾರು ದೊಡ್ಡದು, ಅದು ಹೋಟೆಲ್ ಗಾಡಿ ಥರದ್ದಲ್ಲ. ಇಷ್ಟೆಲ್ಲಾ ಮಾಡಿದ್ರೂ ಎನ್‌ಸಿಎಎ ಇದನ್ನ ಆಟ ಅಂತ ಲೆಕ್ಕಕ್ಕೆ ತಗೊಳಲ್ಲ (ಎನ್‌ಸಿಎ ಬೇರೆ, ಎನ್‌ಸಿಎಎ ಬೇರೆ, ಕಾಲೇಜ್ ಕ್ರೀಡೆಗಳ ದೊಡ್ಡ ಸಂಸ್ಥೆ ಅದು). 2009ರಲ್ಲಿ ಕ್ವಿನಿಪಿಯಾಕ್ ಅನ್ನೋ ಯೂನಿವರ್ಸಿಟಿ ಹುಡುಗೀರ ವಾಲಿಬಾಲ್ ಟೀಮ್ ತೆಗೆದು ಆ ಜಾಗಕ್ಕೆ ಚಿಯರ್ ತೋರಿಸೋಕೆ ಹೋದಾಗ ವಾಲಿಬಾಲಿನೋರು ಕೋರ್ಟಿಗೆ ಹೋದ್ರು, 2010ರಲ್ಲಿ ಜಡ್ಜು ಇದಕ್ಕೆ ಇನ್ನೂ ಸರಿಯಾದ ವ್ಯವಸ್ಥೆ ನಿಯಮ ಇಲ್ಲ, ಹೆಣ್ಮಕ್ಕಳ ಸಮಾನ ಅವಕಾಶದ ಕಾನೂನಿನಡಿ ಇದನ್ನ ಕ್ರೀಡೆ ಅಂತ ಎಣಿಸೋಕಾಗಲ್ಲ ಅಂದ್ಬಿಟ್ರು. ನನ್ನ ಕೇಳಿದ್ರೆ ಆ ಕಾಲೇಜಿಗೆ ಆ ತೀರ್ಪು ಆಗಬೇಕಾಗಿದ್ದೇ, ಒಬ್ಬರ ತಟ್ಟೆ ಕಿತ್ಕೊಂಡು ಇನ್ನೊಬ್ಬರಿಗೆ ಬಡಿಸಿದ್ರೆ ಹೆಂಗೆ. ಆದ್ರೆ ಏಟು ಬಿದ್ದಿದ್ದು ಈ ಹುಡುಗ್ರಿಗೂ. ಒಲಿಂಪಿಕ್ ಕಮಿಟಿ 2021ರಲ್ಲಿ ಚಿಯರ್‌ನ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿದೆ, ಇಲ್ಲಿ ಕಾಲೇಜಲ್ಲಿ ಮಾತ್ರ ಕಥೆ ಇನ್ನೂ ಹಂಗೇ ಇದೆ. ಇವಳ ಕೈಗೆ ಎರಡು ಸಲ ಕಟ್ಟು ಹಾಕಿದ್ದಾರೆ, ಕಾಲೇಜ್ ಮುಗಿದ್ರೆ ಹೆಚ್ಚಿನೋರಿಗೆ ಆಟನೂ ಮುಗೀತು.

ನಿಮಗೆ ಯಾರೂ ಪರಿಚಯದ ಟೀಮ್ ಇಲ್ದಿದ್ರೂ ಟೆಕ್ಸಾಸಿನ ನವಾರೋ ಕಾಲೇಜು ಮತ್ತೆ ಟ್ರಿನಿಟಿ ವ್ಯಾಲಿ ಕಾಲೇಜು ಇರೋ ಡಿವಿಷನ್ ಯಾವಾಗ ಅಂತ ನೋಡ್ಕೊಂಡು ಹೋಗಿ. ಎರಡೂ ಚಿಕ್ಕ ಊರಿನ ಎರಡು ವರ್ಷದ ಕಾಲೇಜುಗಳು, ಅಕ್ಕಪಕ್ಕದ ಊರಿನೋರು ಅಂತಾನೇ ಹೇಳ್ಬಹುದು, ದಾಯಾದಿಗಳ ಥರ ಜಿದ್ದು. ನೆಟ್‌ಫ್ಲಿಕ್ಸಲ್ಲಿ ಅವರ ಬಗ್ಗೆ "ಚಿಯರ್" ಅನ್ನೋ ಸಾಕ್ಷ್ಯಚಿತ್ರ ಸರಣಿ ಬಂದ ಮೇಲೆ ನವಾರೋ ಹೆಸರು ಎಲ್ಲರಿಗೂ ಗೊತ್ತು, 2020ರಲ್ಲಿ ಕೋವಿಡ್ ಅಂತ ಸ್ಪರ್ಧೆನೇ ನಡೀಲಿಲ್ಲ, 2021ರಲ್ಲಿ ಟ್ರಿನಿಟಿ ಹೊಡ್ಕೊಂಡು ಹೋಯ್ತು, 2022ಕ್ಕೆ ನವಾರೋ ವಾಪಸ್ ತಗೊಂಡ್ರು. ಗೆದ್ದ ಟೀಮ್ ಯೂನಿಫಾರ್ಮಲ್ಲೇ, ಶೂ ಸಮೇತ ಓಡಿ ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಬೀಳೋದು ಇಲ್ಲಿನ ಸಂಪ್ರದಾಯ. ಅದನ್ನ ನೋಡೋಕೆ ಟಿಕೆಟ್ಟೂ ಬೇಡ, ದಂಡೆ ಮೇಲೆ ನಿಂತ್ಕೊಂಡ್ರೆ ಸಾಕು, ನನಗೆ ಇಡೀ ವೀಕೆಂಡಲ್ಲಿ ತುಂಬಾ ಇಷ್ಟ ಆಗಿದ್ದೇ ಅದು.

ನಮ್ಮೋರು ಎರಡನೇ ದಿನ ಝೀರೋ ಹಿಟ್ ಮಾಡಿದ್ರು, ಆದ್ರೂ ಮೊದಲ ದಿನದ್ದು ಸೇರಿಸಿ ನಾಲ್ಕನೇ ಜಾಗ. ಸಮುದ್ರಕ್ಕೆ ಬೀಳೋ ಭಾಗ್ಯ ಇಲ್ಲ. ರಾತ್ರಿ ಟೀಮಿಂದ ಬಿಟ್ಟ ಮೇಲೆ ನಮ್ಮ ರೂಮಿಗೇ ಬಂದ್ಲು, ಅಮ್ಮ ಊರಿಂದ ತಂದಿದ್ದ ಕೊಬ್ಬರಿ ಎಣ್ಣೆನ ಮೈಕ್ರೋವೇವಲ್ಲಿ ಬೆಚ್ಚಗೆ ಮಾಡಿ ಅವಳ ಮಣಿಕಟ್ಟು ನೀವ್ತಾ ಕೂತಿದ್ರು, ಟೇಪ್ ಕಿತ್ತ ಕಡೆ ಚರ್ಮ ಕೆಂಪಗಿತ್ತು. ಅಕ್ಕ ಆಗ ಧೈರ್ಯ ಮಾಡಿ ಫೋನಲ್ಲಿ ಸ್ಟ್ರೀಮಿನ ರೆಕಾರ್ಡಿಂಗ್ ಹಾಕ್ಕೊಂಡ್ಲು, ಪೂರ್ತಿ ನೋಡಿದ್ಲು, ಮತ್ತೆ ಹಿಂದಕ್ಕೆ ತಗೊಂಡು ನೋಡಿದ್ಲು, ಆಮೇಲೆ "ಲೋ, ಇದ್ರಲ್ಲಿ ನನ್ನ ಮಗಳೆಲ್ಲೋ ಕಾಣಿಸ್ತಾಳೆ, ಬರೀ ಆ ಹುಡುಗಿ ಹಲ್ಲೇ ತೋರಿಸ್ತಾರಲ್ಲೋ" ಅಂದ್ಲು.

ನಾನು ತೆಗೆದ ವಿಡಿಯೋ ತೋರಿಸ್ದೆ. ಕೈ ನಡುಗಿ ಅಲ್ಲಾಡಿದೆ, ಮುಂದಿನೋನ ಟೋಪಿ ಅರ್ಧ ಅಡ್ಡ ಬಂದಿದೆ, ಫ್ಲೈಯರ್ ಸೊಂಟದಿಂದ ಮೇಲೆ ಫ್ರೇಮಲ್ಲೇ ಇಲ್ಲ. ನಾಲ್ಕು ಕೈ, ಒಂದು ಬಿಳೀ ಶೂ, ಇವಳ ಮುಖ.

"ಇದನ್ನ ವಾಟ್ಸಾಪ್ ಮಾಡೋ, ತುಮಕೂರು ಗ್ರೂಪಿಗೂ ಹಾಕು" ಅಂದ್ಲು.