ಹಪ್ಪಳದ ಘಟಕಕ್ಕೆ ಸಹಾಯಧನದ ಅರ್ಜಿ: ಸಂಪನ್ಮೂಲ ವ್ಯಕ್ತಿಯ ಸೇವೆ ಕಂಡಂತೆ

ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಮೋಡ ಕವಿದ ದಿನಗಳಲ್ಲಿ ಒತ್ತಿದ ಹಪ್ಪಳ ಬೂಸಲು ಹಿಡಿದು ಹಾಳಾಗುವುದನ್ನು ತಪ್ಪಿಸಲು ಡ್ರೈಯರ್ ಕೊಳ್ಳಬೇಕೆಂದು, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯ ಸಹಾಯಧನಕ್ಕೆ ಅರ್ಜಿ ಹಾಕಿದೆವು. ಅರ್ಜಿದಾರರ ನೆರವಿಗೆ ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದು, ನಾನು ಬರೆಯುತ್ತಿರುವುದು ಮುಖ್ಯವಾಗಿ ಅವರ ಸೇವೆಯ ಕುರಿತು.

ಯೋಜನಾ ವರದಿ ಬರೆದುಕೊಡಲು ಮಧ್ಯವರ್ತಿಯೊಬ್ಬರು ನಮ್ಮಲ್ಲಿ 12,000 ರೂಪಾಯಿ ಕೇಳಿದ್ದರು. ಅದೇ ಕೆಲಸವನ್ನು ಸಂಪನ್ಮೂಲ ವ್ಯಕ್ತಿ ನಮ್ಮಿಂದ ಏನನ್ನೂ ಪಡೆಯದೆ ಮಾಡಿಕೊಟ್ಟರು, ಏಕೆಂದರೆ ಮಂಜೂರಾದ ಪ್ರತಿ ಸಾಲಕ್ಕೆ 20,000 ರೂಪಾಯಿಯಂತೆ ಅವರ ಸಂಭಾವನೆಯನ್ನು ಯೋಜನೆಯೇ ಭರಿಸುತ್ತದೆ. ಸಾಲ ಮಂಜೂರಾದರೆ ಮಾತ್ರ ಹಣ ಸಿಗುವವರು ಎಲ್ಲರಿಂದಲೂ ಅರ್ಜಿ ಹಾಕಿಸಿಯಾರು ಎಂಬ ಅನುಮಾನ ನನಗಿತ್ತು. ಆದರೆ ಅವರು ಮನೆಗೆ ಬಂದು, ಒಲೆ, ಅಂಗಳ, ಮಾರಾಟದ ಲೆಕ್ಕ ಎಲ್ಲವನ್ನೂ ನೋಡಿ, 90,000 ರೂಪಾಯಿಯ ಡ್ರೈಯರ್ ಒಂದಕ್ಕೇ ಆದರೆ ಈ ಅಲೆದಾಟ ಬೇಡವೆಂದು ಮೊದಲೇ ಹೇಳಿಬಿಟ್ಟರು. ಆ ಒಂದು ಮಾತಿಗಾಗಿಯೇ ನಾನು ಅವರಿಗೆ ಋಣಿ.

ಅವರು ಹಾಕಿಕೊಟ್ಟ ಲೆಕ್ಕ ಹೀಗಿತ್ತು. ಕೇಂದ್ರದ ಶೇ 35ಕ್ಕೆ ರಾಜ್ಯದ ಶೇ 15 ಸೇರಿ ಯೋಜನಾ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಲಕ್ಷದವರೆಗೆ, ಸಹಾಯಧನ ದೊರೆಯುತ್ತದೆ. ಡ್ರೈಯರ್ ಜೊತೆಗೆ ಹಲಸಿನ ತೊಳೆ ರುಬ್ಬುವ ಯಂತ್ರ ಮತ್ತು ಪ್ಯಾಕಿಂಗ್ ಯಂತ್ರ ಸೇರಿ ನಮ್ಮ ವೆಚ್ಚ 5 ಲಕ್ಷವಾಯಿತು. ಅದರಲ್ಲಿ ಕೈಯಿಂದ ಹಾಕಬೇಕಾದದ್ದು 50,000, ಉಳಿದ 4.5 ಲಕ್ಷ ಬ್ಯಾಂಕ್ ಸಾಲ; ಆ ಸಾಲಕ್ಕೆ ಸಿಗುವ ಸಹಾಯಧನ 2.5 ಲಕ್ಷ. ಆದರೆ ಸಹಾಯಧನದ ಹಣ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿದ್ದು, ಕಂತುಗಳನ್ನು ತಪ್ಪದೆ ಕಟ್ಟಿ ಘಟಕ ನಡೆಸಿದ್ದರೆ ಮೂರು ವರ್ಷದ ನಂತರ ಸಾಲಕ್ಕೆ ಜಮೆಯಾಗುತ್ತದೆ. ಸಹಾಯಧನವೇ ಇಲ್ಲದಿದ್ದರೂ ಈ ಸಾಲ ಮಾಡುತ್ತಿದ್ದಿರಾ ಎಂದು ಅವರು ಕೇಳಿದಾಗ, ನಾನೂ ನನ್ನ ಅತ್ತಿಗೆಯೂ ಎರಡು ದಿನ ಯೋಚಿಸಿ ಹೌದೆಂದೆವು.

ತೊಡಕು ಎದುರಾದದ್ದು ಬ್ಯಾಂಕಿನಲ್ಲಿ. ಒಂದೇ ಕೊಟೇಶನ್ನನ್ನು ಮೂರು ಸಲ ಕೇಳಿದರು. ಒಟ್ಟು 14 ದಿನ ಓಡಾಡಿದೆ, ಅದರಲ್ಲಿ ಒಂಬತ್ತು ದಿನ ಹಲಸಿನಕಾಯಿ ಬೆಳೆದು ನಿಂತಿದ್ದ ಏಪ್ರಿಲ್–ಮೇ ತಿಂಗಳಲ್ಲೇ ಹೋದವು. ಬ್ಯಾಂಕಿನ ಹಂತದಲ್ಲಿ ಸಂಪನ್ಮೂಲ ವ್ಯಕ್ತಿ ದೂರವಾಣಿಯಲ್ಲಷ್ಟೇ ದೊರೆತರು, ಒಮ್ಮೆಯಾದರೂ ಜೊತೆಗೆ ಬಂದಿದ್ದರೆ ಕೆಲಸ ಬೇಗ ಆಗುತ್ತಿತ್ತು. ಹೀಗಾಗಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಯಂತ್ರಗಳು ಬಂದದ್ದು ಶ್ರಾವಣದಲ್ಲಿ. ಆ ವರ್ಷದ ಕೊನೆಯ ಹಪ್ಪಳಗಳು ಮಳೆಗೇ ಹೋದವು. ಹಲಸು, ಮುರುಗಲು, ಅಪ್ಪೆಮಿಡಿಯ ಕೆಲಸ ಮಾಡುವವರು ನವರಾತ್ರಿಯ ಹೊತ್ತಿಗೇ ಅರ್ಜಿಯ ಕೆಲಸ ಆರಂಭಿಸುವುದು ಒಳ್ಳೆಯದು.